ಬೆಳಕಿನಲ್ಲಿ ಕೊಲ್ಲುವ ವಿಷ ಮತ್ತು ನಾನು ಹೊಡೆದುಹಾಕಿದ ಒಂದು ಉತ್ತರ

ಮೂವತ್ತನಾಲ್ಕು ವರ್ಷಗಳ ಅಧ್ಯಾಪನದಲ್ಲಿ ನಾನು ತಿದ್ದಿದ ಉತ್ತರಪತ್ರಿಕೆಗಳೆಷ್ಟು ಎಂಬುದಕ್ಕೆ ಲೆಕ್ಕವಿಟ್ಟವನಲ್ಲ. ಅವುಗಳಲ್ಲಿ ಬಹುಪಾಲು ನೆನಪಿನಿಂದ ಅಳಿಸಿಹೋಗಿವೆ. ಆದರೆ ಒಂದು ಉತ್ತರ ಮಾತ್ರ, ಅದೂ ಕೇವಲ ಮೂರು ವಾಕ್ಯಗಳ ಉತ್ತರ, ಈ ಇಳಿವಯಸ್ಸಿನಲ್ಲಿ ಮತ್ತೆ ಮತ್ತೆ ಕಣ್ಣೆದುರು ಬಂದು ನಿಲ್ಲುತ್ತದೆ. ಅದರ ಮೇಲೆ ನಾನೇ ಎಳೆದ ಕೆಂಪು ಗೆರೆಯೂ ಅದರೊಡನೆ ಬರುತ್ತದೆ. ಇಂದು ಅದನ್ನು ಬರೆದು ಮನಸ್ಸನ್ನು ಹಗುರಮಾಡಿಕೊಳ್ಳಬೇಕೆಂದಿದ್ದೇನೆ. ಜೊತೆಗೆ, ಆ ಉತ್ತರ ಏಕೆ ಸರಿ ಎಂಬುದನ್ನು ತಿಳಿಯಲು ಹೋಗಿ ನಾನು ಕಲಿತ ಒಂದು ವಿಚಿತ್ರ ವಿಷದ ಕಥೆಯನ್ನೂ ಹೇಳುತ್ತೇನೆ. ವಿಜ್ಞಾನ ಮೇಷ್ಟ್ರ ಚಾಳಿ. ಪಾಠ ಮಾಡದೆ ಬಿಡುವವನಲ್ಲ ಎಂದು ನೀವು ನಗಬಹುದು, ನಗಿರಿ.

1981ನೆಯ ಇಸವಿ. ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಅಧ್ಯಾಪಕನಾಗಿ ಸೇರಿ ಒಂದು ವರ್ಷವಾಗಿತ್ತಷ್ಟೆ. ಬಯಲುಸೀಮೆಯಿಂದ ಬಂದ ನನಗೆ ಕಾಫಿ ಎಂದರೆ ಲೋಟದಲ್ಲಿರುವುದು ಮಾತ್ರ ಗೊತ್ತಿತ್ತು. ಶಾಲೆಯ ಸುತ್ತ ಕಣ್ಣು ಹಾಯಿಸಿದಷ್ಟು ದೂರ ತೋಟಗಳೇ. ಬರುವ ಮಕ್ಕಳಲ್ಲಿ ಅರ್ಧದಷ್ಟು ಜನ ತೋಟದ ಲೈನ್ ಮನೆಗಳವರು. ಆಷಾಢದ ಜಡಿಮಳೆಯಲ್ಲಿ ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು, ಮೂರು ನಾಲ್ಕು ಮೈಲಿ ನಡೆದು ಬರುತ್ತಿದ್ದರು.

ಒಂದು ದಿನ ಒಂಬತ್ತನೆಯ ತರಗತಿಗೆ ಶಿಲೀಂಧ್ರಗಳ ಪಾಠ ಮಾಡುತ್ತಿದ್ದೆ. ಹೊರಗೆ ಮಳೆ, ತರಗತಿಯ ಗೋಡೆಯ ಮೇಲೆಯೇ ಬೂಷ್ಟು ಹಬ್ಬಿತ್ತು. ಅದನ್ನೇ ತೋರಿಸಿ, "ಶಿಲೀಂಧ್ರಗಳಿಗೆ ಬೇಕಾದುದು ತೇವ ಮತ್ತು ಕತ್ತಲೆ. ಬಿಸಿಲು ಇವುಗಳ ಶತ್ರು. ಬಿಸಿಲು ಬಿದ್ದಲ್ಲಿ ಇವುಗಳ ಆಟ ನಡೆಯುವುದಿಲ್ಲ" ಎಂದು ಬಹಳ ಆತ್ಮವಿಶ್ವಾಸದಿಂದ ಹೇಳಿದೆ. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಲೈನ್ ಮನೆಯ ಹುಡುಗಿ. ತಾಯಿ ತೋಟದ ನರ್ಸರಿಯಲ್ಲಿ ಸಸಿಗಳಿಗೆ ನೀರು ಹಾಕುವ ಕೆಲಸದವರು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಅವಳ ಅನುಮತಿಯನ್ನು ನಾನು ಕೇಳಿಲ್ಲ.

"ಸಾರ್, ಕಾಫಿ ಸಸಿಗೆ ಬಿಸಿಲಲ್ಲೇ ಚುಕ್ಕೆ ರೋಗ ಬರ್ತದೆ" ಎಂದಳು. ಹಿಂದಿನ ಬೇಸಿಗೆಯಲ್ಲಿ ನರ್ಸರಿಯ ಚಪ್ಪರದ ಒಂದು ಮೂಲೆ ಗಾಳಿಗೆ ಹಾರಿಹೋಗಿತ್ತಂತೆ. ಆ ಮೂಲೆಯ ಸಸಿಗಳ ಎಲೆಗಳಲ್ಲೇ ಮೊದಲು ಕಂದು ಚುಕ್ಕೆ ಎದ್ದವಂತೆ. ಚಪ್ಪರದ ಕೆಳಗಿನವು ಹೆಚ್ಚಿನಂಶ ಚೆನ್ನಾಗಿಯೇ ಇದ್ದವಂತೆ.

"ಅದು ಬಿಸಿಲಿಗೆ ಎಲೆ ಸುಟ್ಟದ್ದಿರಬೇಕು" ಎಂದೆ. "ಅಲ್ಲ ಸಾರ್, ಸುಟ್ಟರೆ ಬೇರೆ ಥರ ಇರ್ತದೆ, ಇದು ಗುಂಡಗೆ ಕಣ್ಣಿನ ಹಾಗಿರ್ತದೆ" ಎಂದಳು. ತರಗತಿ ನಕ್ಕಿತು. ನಾನೂ ನಕ್ಕು, "ಮೊದಲು ಪುಸ್ತಕ ಓದಮ್ಮ, ಆಮೇಲೆ ತೋಟ ನೋಡುವಿಯಂತೆ" ಎಂದು ಕೂರಿಸಿದೆ. ಮರುದಿನ ಅವಳು ನೋಟುಪುಸ್ತಕದ ಹಾಳೆಗಳ ನಡುವೆ ಎರಡು ಎಲೆಗಳನ್ನಿಟ್ಟು ತಂದಿದ್ದಳು. ದುಂಡನೆಯ ಕಂದು ಚುಕ್ಕೆ, ನಡುವೆ ಬೂದು ಬಿಳುಪು, ಸುತ್ತ ಹಳದಿ ಬಳೆ. ನಿಜಕ್ಕೂ ಕಣ್ಣಿನ ಹಾಗೆಯೇ ಇತ್ತು. "ಆಮೇಲೆ ನೋಡೋಣ" ಎಂದು ಮೇಜಿನ ಮೇಲಿಟ್ಟೆ. ಆ 'ಆಮೇಲೆ' ಬರಲೇ ಇಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮೂರು ಅಂಕಗಳಿಗೆ ಒಂದು ಪ್ರಶ್ನೆ ಕೊಟ್ಟಿದ್ದೆ: ಶಿಲೀಂಧ್ರಗಳ ಬೆಳವಣಿಗೆಗೆ ಅನುಕೂಲವಾದ ಪರಿಸರ ಯಾವುದು? ಎಲ್ಲರೂ ನಾನು ಹೇಳಿದ್ದನ್ನೇ ಬರೆದಿದ್ದರು. ಅವಳು ಬರೆದದ್ದು ಹೀಗಿತ್ತು: "ತೇವ ಬೇಕು. ಕತ್ತಲೆಯೇ ಬೇಕೆಂದು ಇಲ್ಲ. ಕಾಫಿ ಸಸಿಯ ಕಣ್ಣುಚುಕ್ಕೆ ರೋಗ ಬಿಸಿಲಿನಲ್ಲಿ ಜಾಸ್ತಿ ಬರುತ್ತದೆ." ಎರಡನೆಯ ಮತ್ತು ಮೂರನೆಯ ವಾಕ್ಯಗಳ ಮೇಲೆ ಕೆಂಪು ಗೆರೆ ಎಳೆದು, ಒಂದು ಅಂಕ ಕೊಟ್ಟು, ಪಕ್ಕದಲ್ಲಿ "ಪಾಠವನ್ನು ಸರಿಯಾಗಿ ಓದು" ಎಂದು ಬರೆದೆ. ಮರುವರ್ಷ ಶಾಲೆ ತೆರೆದಾಗ ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ತೋಟದ ಕೆಲಸಕ್ಕೆ ಸೇರಿದಳೆಂದು ಯಾರೋ ಹೇಳಿದರು. ಅಂಥವರು ಪ್ರತಿವರ್ಷ ನಾಲ್ಕೈದು ಮಂದಿ ಇರುತ್ತಿದ್ದರು. ನಾನು ಕಾರಣ ಕೇಳಲಿಲ್ಲ.

ಮೂವತ್ತೈದು ವರ್ಷಗಳು ಉರುಳಿದವು. 2014ರಲ್ಲಿ ನಿವೃತ್ತನಾಗಿ, ಅದೇ ಸೀಮೆಯಲ್ಲಿ ಮನೆ ಮಾಡಿಕೊಂಡು, ಹಿತ್ತಲಿನಲ್ಲಿ ನಾಲ್ಕು ಗಿಡ ಹಾಕಿಕೊಂಡಿದ್ದೆ. 2016ರಲ್ಲಿ ಕೃಷಿ ವಿಶ್ವವಿದ್ಯಾಲಯವೊಂದರಲ್ಲಿ ಸಸ್ಯರೋಗ ವಿಜ್ಞಾನಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿ ಮನೆಗೆ ಬಂದಿದ್ದ. ಹಿತ್ತಲಿಗೆ ಕರೆದುಕೊಂಡು ಹೋದಾಗ, ಬಾವಿಕಟ್ಟೆಯ ಪಕ್ಕ ಇಟ್ಟಿದ್ದ ಕಾಫಿ ಸಸಿಗಳ ಎಲೆ ಮಗುಚಿ ನೋಡಿ, "ಸಾರ್, ಇವನ್ನು ನೆರಳಿನಿಂದ ಹೊರಗೆ ತಂದಿಟ್ಟಿರಾ?" ಎಂದು ಕೇಳಿದ.

ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. "ಅದು ಹೇಗೆ ಗೊತ್ತಾಯಿತಪ್ಪ?" ಎಂದೆ. "ಇದು ಸರ್ಕೋಸ್ಪೊರ ಅಲ್ಲವೇ ಸಾರ್. ಇದಕ್ಕೆ ಬಿಸಿಲೆಂದರೆ ಹಬ್ಬ" ಎಂದ. ಅಂದು ಸಂಜೆ ಅವನು ಗುರು, ನಾನು ಶಿಷ್ಯ. ಅವನು ಹೇಳಿದ್ದನ್ನೂ ಆಮೇಲೆ ನಾನೇ ಹುಡುಕಿ ಓದಿದ್ದನ್ನೂ ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ.

ಸರ್ಕೋಸ್ಪೊರ ಎಂಬುದು ಒಂದು ದೊಡ್ಡ ಶಿಲೀಂಧ್ರ ಕುಲ. ಕಾಫಿ, ಹೊಗೆಸೊಪ್ಪು, ಸಕ್ಕರೆ ಬೀಟ್, ಸೋಯಾ ಅವರೆ, ಮೆಕ್ಕೆಜೋಳ ಹೀಗೆ ನೂರಾರು ಬೆಳೆಗಳ ಎಲೆಗಳಲ್ಲಿ ಇದರ ಬೇರೆ ಬೇರೆ ಪ್ರಭೇದಗಳು ಚುಕ್ಕೆ ರೋಗ ತರುತ್ತವೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರು ಬಲ್ಲ ಕಪ್ಪೆಕಣ್ಣು ರೋಗ ಇದರ ಒಂದು ಬಗೆ. ಬೀದರ, ಧಾರವಾಡದ ಕಡೆ ಸೋಯಾ ಬೆಳೆಯುವ ಬಂಧುಗಳು ಕಾಳಿನ ಮೇಲೆ ನೇರಳೆ ಕಲೆಯನ್ನು ನೋಡಿರಬಹುದು. ಅದೂ ಈ ಕುಲದ್ದೇ ಕೆಲಸ. ಆ ನೇರಳೆ ಕಲೆಯ ಬೆನ್ನು ಹಿಡಿದೇ 1957ರಲ್ಲಿ ಜಪಾನಿನ ವಿಜ್ಞಾನಿಗಳಾದ ಕುಯಾಮ ಮತ್ತು ತಮುರ ಅವರು ಶಿಲೀಂಧ್ರದಿಂದ ಒಂದು ಗಾಢ ಕೆಂಪು ಬಣ್ಣದ ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಸರ್ಕೋಸ್ಪೋರಿನ್ ಎಂದು ಹೆಸರಾಯಿತು. ಅದರ ಅಣುವಿನಲ್ಲಿ 29 ಇಂಗಾಲ, 26 ಜಲಜನಕ ಮತ್ತು 10 ಆಮ್ಲಜನಕದ ಪರಮಾಣುಗಳಿವೆ. ಅಣುವಿನ ಪೂರ್ಣ ರಚನೆ ತಿಳಿದದ್ದು 1970ರ ದಶಕದ ಆರಂಭದಲ್ಲಿ.

ಮೊದಲಿಗೆ ಇದು ಬರಿಯ ಬಣ್ಣವೆಂದೇ ತೋರಿತು. ಆದರೆ 1967ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಸಕ್ಕರೆ ಬೀಟ್ ಗಿಡಗಳ ಚುಕ್ಕೆ ರೋಗದ ಬಗ್ಗೆ ಒಂದು ವಿಷಯವನ್ನು ಪ್ರಕಟಿಸಿದ್ದರು: ಎಲೆಯ ಮೇಲೆ ಬೀಳುವ ಬೆಳಕಿನ ತೀವ್ರತೆಗೆ ತಕ್ಕಂತೆ ರೋಗದ ಲಕ್ಷಣ ಬದಲಾಗುತ್ತದೆ, ಬೆಳಕು ತಗ್ಗಿದರೆ ರೋಗವೂ ತಗ್ಗುತ್ತದೆ ಎಂದು. 1975ರಲ್ಲಿ ಜಪಾನಿನಲ್ಲಿ, ಸರ್ಕೋಸ್ಪೋರಿನ್ ಬೆಳಕಿನ ನೆರವಿನಿಂದ ಬ್ಯಾಕ್ಟೀರಿಯಾಗಳಿಗೂ ಇಲಿಗಳಿಗೂ ಹಾನಿ ಮಾಡುತ್ತದೆಂಬುದು ಗೊತ್ತಾಯಿತು. ಇನ್ನು 1982ರಲ್ಲಿ ಅಮೆರಿಕದ ಮಾರ್ಗರೆಟ್ ಡೌಬ್ ಎಂಬ ವಿಜ್ಞಾನಿ ಹೊಗೆಸೊಪ್ಪಿನ ಜೀವಕೋಶಗಳ ಮೇಲೆ ಪ್ರಯೋಗ ಮಾಡಿ ಇಡೀ ಒಗಟನ್ನು ಬಿಡಿಸಿದರು. ಕೋಶಗಳಿಗೆ ಸರ್ಕೋಸ್ಪೋರಿನ್ ಬೆರೆಸಿ ಕತ್ತಲೆಯಲ್ಲಿಟ್ಟರೆ ಅವು ಬದುಕಿದ್ದವು. ಬೆಳಕಿಗೆ ತಂದರೆ ಸತ್ತವು. ಎಲೆಯ ತುಣುಕುಗಳಲ್ಲಾದರೆ ಬೆಳಕು ಬಿದ್ದ ಕೆಲವೇ ನಿಮಿಷಗಳಲ್ಲಿ ಕೋಶದೊಳಗಿನ ಲವಣಗಳು ಹೊರಕ್ಕೆ ಸೋರತೊಡಗಿದವು. ಎಂದರೆ, ನಾನು ಆ ಹುಡುಗಿಯ ಉತ್ತರವನ್ನು ಹೊಡೆದುಹಾಕಿದ ಮರುವರ್ಷವೇ ಅದರ ಹಿಂದಿನ ಕಾರಣ ಜಗತ್ತಿಗೆ ತಿಳಿದಿತ್ತು.

ಈ ವಿಷ ಕೆಲಸ ಮಾಡುವ ಬಗೆ ಸ್ವಾರಸ್ಯಕರವಾದುದು. ಸಾಮಾನ್ಯವಾಗಿ ವಿಷವೆಂದರೆ ಜೀವಕೋಶದ ಯಾವುದೋ ಒಂದು ಅಂಗಕ್ಕೆ ತಾನೇ ಅಂಟಿಕೊಂಡು ಕೆಡಿಸುವ ವಸ್ತು ಎಂದು ನಾವು ತಿಳಿದಿದ್ದೇವೆ. ಸರ್ಕೋಸ್ಪೋರಿನ್ ಹಾಗಲ್ಲ. ಅದು ಬೆಳಕಿನ ನೀಲಿ ಮತ್ತು ಹಸಿರು ಭಾಗವನ್ನು ಹೀರುತ್ತದೆ. ಕೆಂಪು ಭಾಗ ಹೆಚ್ಚಾಗಿ ಉಳಿಯುವುದರಿಂದಲೇ ನಮ್ಮ ಕಣ್ಣಿಗೆ ಕೆಂಪಾಗಿ ಕಾಣುತ್ತದೆ. ಹೀರಿದ ಶಕ್ತಿಯನ್ನು ತಾನು ಇಟ್ಟುಕೊಳ್ಳದೆ, ಪಕ್ಕದಲ್ಲಿರುವ ಆಮ್ಲಜನಕದ ಅಣುವಿಗೆ ದಾಟಿಸಿಬಿಡುತ್ತದೆ. ನಾವು ಉಸಿರಾಡುವ ಸಾಧು ಆಮ್ಲಜನಕ ಆಗ ಉಗ್ರರೂಪ ತಾಳುತ್ತದೆ. ಇದನ್ನು ಸಿಂಗ್ಲೆಟ್ ಆಮ್ಲಜನಕ ಎನ್ನುತ್ತಾರೆ. ನೀರಿನಲ್ಲಿ ಇದರ ಆಯುಸ್ಸು ಒಂದು ಸೆಕೆಂಡಿನ ಹತ್ತು ಲಕ್ಷದ ಕೆಲವೇ ಭಾಗಗಳಷ್ಟು. ಅಷ್ಟರಲ್ಲಿಯೇ ಅದು ಕೋಶಪೊರೆಯ ಕೊಬ್ಬಿನ ಅಣುಗಳ ಮೇಲೆ ಎರಗಿ ಅವನ್ನು ಕೆಡಿಸುತ್ತದೆ. ಡಬ್ಬಿಯ ಬಾಯಿ ತೆರೆದಿಟ್ಟ ಎಣ್ಣೆ ಕಮಟು ಹಿಡಿಯುವುದನ್ನು ಕಂಡಿದ್ದೀರಲ್ಲ, ಪೊರೆಯಲ್ಲಿ ಅದೇ ಜಾತಿಯ ಕ್ರಿಯೆ ಬಹು ವೇಗವಾಗಿ ನಡೆಯುತ್ತದೆ. ಇಷ್ಟಾದರೂ ಸರ್ಕೋಸ್ಪೋರಿನ್ ತಾನು ಖರ್ಚಾಗದೆ ಮತ್ತೆ ಬೆಳಕು ಹೀರಲು ಸಿದ್ಧವಾಗಿ ನಿಲ್ಲುತ್ತದೆ. ಅದು ಹೀರುವ ಬೆಳಕಿನ ಪ್ರತಿ 100 ಕಣಗಳಿಗೆ ಸುಮಾರು 80ರಷ್ಟು ಸಿಂಗ್ಲೆಟ್ ಆಮ್ಲಜನಕದ ಅಣುಗಳು ಹುಟ್ಟುತ್ತವೆಂದು ಅಳೆದಿದ್ದಾರೆ.

ಶಿಲೀಂಧ್ರಕ್ಕೆ ಇದರಿಂದ ಏನು ಲಾಭ? ಸರ್ಕೋಸ್ಪೊರ ಎಲೆಯ ಕೋಶಗಳ ನಡುವಿನ ಸಂದುಗಳಲ್ಲಿ ಬೆಳೆಯುತ್ತದೆ. ಪೊರೆ ಹರಿದಾಗ ಕೋಶದೊಳಗಿನ ಸಕ್ಕರೆ, ಲವಣಗಳು ಆ ಸಂದುಗಳಿಗೆ ಸೋರುತ್ತವೆ. ಅದೇ ಅದರ ಊಟ. ಇನ್ನೂ ಒಂದು ಸಂಗತಿಯಿದೆ. ಈ ಕುಲದ ಅನೇಕ ಪ್ರಭೇದಗಳು ಬೆಳಕಿದ್ದರೆ ಮಾತ್ರ ಸರ್ಕೋಸ್ಪೋರಿನನ್ನು ಚೆನ್ನಾಗಿ ತಯಾರಿಸುತ್ತವೆ. ವಿಷ ತಯಾರಾಗುವುದಕ್ಕೂ ಬೆಳಕು ಬೇಕು, ತಯಾರಾದ ವಿಷ ಕೊಲ್ಲುವುದಕ್ಕೂ ಬೆಳಕು ಬೇಕು. ಇದು ಕಲ್ಪನೆಯಲ್ಲ ಎನ್ನುವುದಕ್ಕೆ ಪುರಾವೆಯೂ ಇದೆ. 1991ರಲ್ಲಿ ಈ ವಿಷ ತಯಾರಿಸಲಾಗದ ಸೋಯಾ ಶಿಲೀಂಧ್ರದ ತಳಿಯನ್ನು ಗಿಡಕ್ಕೆ ಸೋಂಕಿಸಿ ನೋಡಿದಾಗ ರೋಗ ಬರಲಿಲ್ಲ. 2005ರಲ್ಲಿ ಹೊಗೆಸೊಪ್ಪಿನ ಶಿಲೀಂಧ್ರದಲ್ಲಿ ವಿಷ ತಯಾರಿಕೆಯ ಒಂದು ವಂಶವಾಹಿಯನ್ನು ಕೆಡಿಸಿದಾಗ ಎಲೆಯ ಮೇಲಿನ ಚುಕ್ಕೆಗಳು ಕಡಿಮೆಯಾದವು, ಗಾತ್ರದಲ್ಲಿಯೂ ಸಣ್ಣವಾದವು.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬ ಕೈ ಎತ್ತಬೇಕು: "ಸಾರ್, ಹಾಗಾದರೆ ಆ ಶಿಲೀಂಧ್ರವೇ ಏಕೆ ಸಾಯುವುದಿಲ್ಲ?" ಒಳ್ಳೆಯ ಪ್ರಶ್ನೆ. ಬೆಳಕಿನಲ್ಲಿ ಸರ್ಕೋಸ್ಪೋರಿನ್ ಗಿಡಗಳಿಗಷ್ಟೇ ಅಲ್ಲದೆ ಬ್ಯಾಕ್ಟೀರಿಯಾಗಳಿಗೆ, ಬೇರೆ ಅನೇಕ ಶಿಲೀಂಧ್ರಗಳಿಗೆ ಕೂಡ ಮಾರಕ. ಆದರೆ ಸರ್ಕೋಸ್ಪೊರ ತನ್ನ ಎಳೆಗಳೊಳಗೆ ಆ ವಿಷವನ್ನು ರಾಸಾಯನಿಕವಾಗಿ ಅಪಕರ್ಷಿಸಿ, ಹಲ್ಲು ಕಿತ್ತ ಹಾವಿನಂತೆ ಇಟ್ಟುಕೊಂಡಿರುತ್ತದೆ. ಹೊರಬಂದ ಮೇಲೆಯೇ ಅದು ಮತ್ತೆ ವಿಷವಾಗುವುದು. ಒಳಗಿನದನ್ನು ಹೊರಕ್ಕೆ ಸಾಗಿಸಲು ವಿಶೇಷ ಪ್ರೋಟೀನುಗಳೂ ಇವೆ. ಈ ಆತ್ಮರಕ್ಷಣೆಯ ಗುಟ್ಟನ್ನು ಹುಡುಕುತ್ತಿದ್ದ ಡೌಬ್ ಅವರ ತಂಡಕ್ಕೆ 1999ರಲ್ಲಿ ನಿರೀಕ್ಷಿಸದ ಫಲ ದೊರೆಯಿತು. ಶಿಲೀಂಧ್ರವನ್ನು ಕಾಪಾಡುತ್ತಿದ್ದ ವಂಶವಾಹಿಗಳಲ್ಲೊಂದು ವಾಸ್ತವವಾಗಿ ಬಿ6 ಜೀವಸತ್ವವನ್ನು ತಯಾರಿಸುವ ವಂಶವಾಹಿಯಾಗಿತ್ತು! ನಾವು ಗುಳಿಗೆಯಾಗಿ ನುಂಗುವ ಆ ಜೀವಸತ್ವ ಸಿಂಗ್ಲೆಟ್ ಆಮ್ಲಜನಕವನ್ನು ತಣಿಸಬಲ್ಲದೆಂಬುದು ಬೆಳಕಿಗೆ ಬಂದದ್ದು ಹೀಗೆ. ಗಜ್ಜರಿಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳಿಗೂ ಇದೇ ಗುಣವಿದೆ. ಹಸಿರೆಲೆಗಳಲ್ಲಿ ಅವು ಇರುವ ಕಾರಣಗಳಲ್ಲೊಂದು ಈ ಕಾವಲೇ. ಆದರೆ ಸರ್ಕೋಸ್ಪೋರಿನ್ ಹೊರಪೊರೆಯ ಮೇಲೆ ದಾಳಿ ಮಾಡಿದಾಗ ಹರಿತ್ತಿನ ಕಣಗಳೊಳಗಿರುವ ಆ ಕಾವಲುಗಾರರು ಹೆಚ್ಚಿನ ನೆರವಿಗೆ ಬರುವುದಿಲ್ಲ.

ವಿಷವೆಂದ ಮಾತ್ರಕ್ಕೆ ಉಪಯೋಗವಿಲ್ಲವೆಂದಲ್ಲ. ಬೆಳಕಿನಿಂದ ಎಚ್ಚರಗೊಳ್ಳುವ ಮದ್ದು ನಮ್ಮ ಹಿರಿಯರಿಗೆ ಹೊಸದೇನೂ ಆಗಿರಲಿಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಸೋದರಮಾವನಿಗೆ ಕೈಮೇಲೆ ಬಿಳಿ ಮಚ್ಚೆ ಎದ್ದಿತ್ತು. ಅಜ್ಜಿ ಬಾವಂಚಿ ಬೀಜವನ್ನು ಅರೆದು ಹಚ್ಚಿ, ಎಳೆಬಿಸಿಲಿನಲ್ಲಿ ಜಗಲಿಯ ಮೇಲೆ ಕೂರಿಸುತ್ತಿದ್ದರು. ಹೆಚ್ಚು ಹೊತ್ತು ಕೂತರೆ ಬೊಬ್ಬೆ ಬರುತ್ತದೆಂದು ಗದರಿಸಿ ಒಳಗೆ ಕರೆಯುತ್ತಿದ್ದರು. ಬಾವಂಚಿಯಿಂದ ಸೊರಾಲೆನ್ ಎಂಬ ವಸ್ತುವನ್ನು 1933ರಲ್ಲಿ ಭಾರತೀಯ ರಸಾಯನ ವಿಜ್ಞಾನಿಗಳು ಬೇರ್ಪಡಿಸಿದರು. ಅದು ಕೆಲಸ ಮಾಡುವ ದಾರಿ ಬೇರೆ. ಅದು ಅತಿನೇರಳೆ ಕಿರಣಗಳ ನೆರವಿನಿಂದ ವಂಶವಾಹಿಯ ವಸ್ತುವಿಗೇ ಬೆಸೆದುಕೊಳ್ಳುತ್ತದೆ. ಆದರೆ ಮದ್ದು ಮತ್ತು ಬಿಸಿಲು ಎರಡೂ ಸೇರಿದಾಗಲೇ ಕೆಲಸ ಎಂಬ ತತ್ತ್ವ ಒಂದೇ. ಬಿಸಿಲು ಹೆಚ್ಚಾದರೆ ಸುಡುತ್ತದೆಂಬ ಅಜ್ಜಿಯ ಎಚ್ಚರಿಕೆಯೂ ಸರಿಯೇ; ವೈದ್ಯರನ್ನು ಕೇಳದೆ ಯಾರೂ ಇದನ್ನು ಪ್ರಯೋಗಿಸಬಾರದು.

ಯುರೋಪಿನಲ್ಲಿ ಈ ತತ್ತ್ವ ಕಣ್ಣಿಗೆ ಬಿದ್ದದ್ದು ಮ್ಯೂನಿಕ್‌ನಲ್ಲಿ, ಆಸ್ಕರ್ ರಾಬ್ ಎಂಬ ವಿದ್ಯಾರ್ಥಿಗೆ. ಆಕ್ರಿಡೀನ್ ಎಂಬ ವಸ್ತು ನೀರಿನ ಪ್ಯಾರಮೀಸಿಯಂ ಜೀವಿಗಳನ್ನು ಒಂದು ದಿನ ಬೇಗ ಕೊಲ್ಲುತ್ತಿತ್ತು, ಇನ್ನೊಂದು ದಿನ ತಡವಾಗಿ. ಕಾರಣ ಹುಡುಕಿದರೆ, ಆ ದಿನಗಳ ಬೆಳಕಿನ ವ್ಯತ್ಯಾಸ! 1900ರಲ್ಲಿ ಅದು ಪ್ರಕಟವಾಯಿತು. ಅವರ ಗುರು ಹರ್ಮನ್ ಫಾನ್ ಟಾಪೈನರ್ ಅವರು ಶಿಷ್ಯನ ಆ ವಿಚಿತ್ರ ಫಲಿತಾಂಶವನ್ನು ತಪ್ಪೆಂದು ಹೊಡೆದುಹಾಕದೆ, ಅದರ ಬೆನ್ನು ಹಿಡಿದು ಒಂದು ಶಾಸ್ತ್ರವನ್ನೇ ಕಟ್ಟಿದರು. ಈ ಸಾಲನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಅದೇ ಬೀಜ ಬೆಳೆದು ಇಂದಿನ ಬೆಳಕು ಚಿಕಿತ್ಸೆಯಾಗಿದೆ: ಬೆಳಕಿಗೆ ಸ್ಪಂದಿಸುವ ಔಷಧಿಯನ್ನು ದೇಹಕ್ಕೆ ಕೊಟ್ಟು, ಗಡ್ಡೆಯಿರುವ ಜಾಗಕ್ಕೆ ಮಾತ್ರ ಬೆಳಕು ಹಾಯಿಸಿ ಕೊಲ್ಲುವುದು. ಇಂಥ ಮೊದಲ ಔಷಧಿಗೆ 1993ರಲ್ಲಿ ಕೆನಡಾ ದೇಶ ಮೂತ್ರಕೋಶದ ಕ್ಯಾನ್ಸರಿಗಾಗಿ ಮಾನ್ಯತೆ ಕೊಟ್ಟಿತು. ಸರ್ಕೋಸ್ಪೋರಿನನ್ನೂ ಈ ದೃಷ್ಟಿಯಿಂದ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ್ದಾರೆ. ಚೀನಾದಲ್ಲಿ ಬಿದಿರಿನ ಮೇಲೆ ಬೆಳೆಯುವ ಶಿಲೀಂಧ್ರವೊಂದು ಅಲ್ಲಿನ ನಾಟಿವೈದ್ಯದಲ್ಲಿ ಬಳಕೆಯಲ್ಲಿದೆ. ಅದರಲ್ಲಿರುವ ಹೈಪೊಕ್ರೆಲಿನ್ ಎಂಬ ವಸ್ತು ಸರ್ಕೋಸ್ಪೋರಿನ್‌ನ ದಾಯಾದಿ, ಅದರ ಮೇಲೂ ಸಂಶೋಧನೆ ನಡೆದಿದೆ.

ಇನ್ನೂ ಕೆಲವು ಉಪಯೋಗಗಳಿವೆ. ಸಿಂಗ್ಲೆಟ್ ಆಮ್ಲಜನಕದ ಸ್ವಭಾವವನ್ನು ಅಭ್ಯಾಸ ಮಾಡುವವರಿಗೆ ಸರ್ಕೋಸ್ಪೋರಿನ್ ಒಂದು ನಂಬಿಕಸ್ಥ ಉಪಕರಣ. ದೀಪ ಹಾಕಿದರೆ ಉತ್ಪತ್ತಿ, ಆರಿಸಿದರೆ ನಿಲುಗಡೆ. ಈಚಿನ ವರ್ಷಗಳಲ್ಲಿ ರಸಾಯನ ವಿಜ್ಞಾನಿಗಳು ಬೆಳಕಿನಿಂದ ನಡೆಯುವ ಕ್ರಿಯೆಗಳಿಗೆ ಇದನ್ನು ಕ್ರಿಯಾವರ್ಧಕವಾಗಿಯೂ ಬಳಸಿ ನೋಡಿದ್ದಾರೆ. ನಮ್ಮ ಕೆರೆಗಳನ್ನು ಮುಚ್ಚಿಹಾಕುವ ಅಂತರಗಂಗೆಯ ಕಳೆಯನ್ನು ಹತೋಟಿಗೆ ತರಲು ಸರ್ಕೋಸ್ಪೊರ ಕುಲದ ಒಂದು ಶಿಲೀಂಧ್ರವನ್ನೇ ಛೂ ಬಿಡುವ ಪ್ರಯತ್ನ 1970ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆದಿತ್ತು. ಎಲ್ಲಕ್ಕಿಂತ ಮುಖ್ಯವಾದುದು, ಶಿಲೀಂಧ್ರ ತನ್ನನ್ನು ತಾನು ಕಾಯ್ದುಕೊಳ್ಳುವ ವಂಶವಾಹಿಗಳನ್ನು ಹೊಗೆಸೊಪ್ಪಿನಂಥ ಗಿಡಗಳಿಗೆ ಸೇರಿಸಿ ಅವನ್ನು ರಕ್ಷಿಸಬಹುದೇ ಎಂಬ ಹುಡುಕಾಟ. ಶತ್ರುವಿನ ಕವಚವನ್ನೇ ಕಸಿದು ತೊಡುವ ಉಪಾಯ.

ರೈತನಿಗಾದರೋ ಇಷ್ಟೆಲ್ಲ ಶಾಸ್ತ್ರ ಬೇಕಾಗಿಲ್ಲ. ನಮ್ಮ ಕಾಫಿ ಸೀಮೆಯವರು ಹಾಲುವಾಣ, ಸಿಲ್ವರ್ ಓಕ್, ಅತ್ತಿ, ಹಲಸುಗಳ ನೆರಳಿನಲ್ಲಿ ಕಾಫಿ ಬೆಳೆಯುತ್ತಾರೆ. ಸಸಿಗಳಿಗೆ ಚಪ್ಪರ ಹಾಕುತ್ತಾರೆ, ಮಳೆ ಹಿಡಿದ ಮೇಲೆ ಹದವರಿತು ತೆಗೆಯುತ್ತಾರೆ. ದೊಡ್ಡ ಗಿಡಗಳಲ್ಲಿಯೂ ಈ ಕಣ್ಣುಚುಕ್ಕೆ ಬಿಸಿಲಿಗೆ ಮೈಯೊಡ್ಡಿದ ಗಿಡಗಳಿಗೇ ಹೆಚ್ಚು; ಹಣ್ಣಿನಲ್ಲಿಯೂ ಬಿಸಿಲು ಬೀಳುವ ಮಗ್ಗುಲಿಗೇ ಕಲೆ. ಹಾಗೆಂದು ನೆರಳು ಮಿತಿಮೀರಿದರೂ ಕಷ್ಟವೇ. ಮಳೆಗಾಲದಲ್ಲಿ ತೋಟ ಕತ್ತಲುಗಟ್ಟಿದರೆ ಕೊಳೆರೋಗ ಹಬ್ಬುತ್ತದೆ; ಅದಕ್ಕೆಂದೇ ಮಳೆಗೆ ಮುಂಚೆ ಮರಗಸಿ ಮಾಡಿ ಬೆಳಕು ಬಿಡುತ್ತಾರೆ. ಆದ್ದರಿಂದ ನಾನು ಅಂದು ತರಗತಿಯಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೊಳೆರೋಗಕ್ಕೆ, ಗೋಡೆಯ ಬೂಷ್ಟಿಗೆ ಅದು ಸಲ್ಲುತ್ತದೆ. ಕೆಲವಕ್ಕೆ ಸಲ್ಲುವ ಮಾತನ್ನು ಎಲ್ಲಕ್ಕೂ ಸಲ್ಲುವ ನಿಯಮವೆಂದು ಹೇಳಿದ್ದು ನನ್ನ ಮೊದಲ ತಪ್ಪು. ಎದುರು ಸಾಕ್ಷಿಯನ್ನು ಕೈಗೇ ತಂದುಕೊಟ್ಟಾಗ ಕಣ್ಣೆತ್ತಿ ನೋಡದೆ ಹೋದದ್ದು ಎರಡನೆಯದು, ಮತ್ತು ದೊಡ್ಡದು.

2017ರ ಬೇಸಿಗೆಯಲ್ಲಿ, ಪ್ರಾಯಶ್ಚಿತ್ತವೆಂಬಂತೆ, ಇಪ್ಪತ್ತು ಸಸಿಗಳನ್ನು ತಂದೆ. ಹತ್ತನ್ನು ಹಲಸಿನ ಮರದ ಕೆಳಗೆ, ಹತ್ತನ್ನು ಬಯಲಿನಲ್ಲಿ ಇಟ್ಟೆ. ಮಣ್ಣು ಒಂದೇ, ನೀರು ಒಂದೇ. ಏಪ್ರಿಲಿನ ಎರಡು ಮಳೆ ಬಿದ್ದ ಮೇಲೆ ಬಯಲಿನ ಸಸಿಗಳ ಎಲೆಗಳಲ್ಲಿ ಒಂದೊಂದಾಗಿ ಕಣ್ಣುಗಳು ತೆರೆದವು. ಮರದ ಕೆಳಗಿನವುಗಳಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ. ಬಿಸಿಲಿನ ಜೊತೆ ಕಾವೂ ಒಣಗುವಿಕೆಯೂ ಬೇರೆಯಾಗಿರುವುದರಿಂದ ಇಷ್ಟನ್ನೇ ಶಾಸ್ತ್ರೀಯ ಪುರಾವೆ ಎನ್ನಲಾಗದು. ಆದರೆ ಇಷ್ಟು ಪ್ರಯೋಗವನ್ನು ಆ ಹುಡುಗಿಯ ಕೈಯಲ್ಲಿ 1981ರಲ್ಲಿಯೇ ಮಾಡಿಸಬಹುದಿತ್ತು. ಖರ್ಚು ಏನೂ ಇರಲಿಲ್ಲ. ಶಾಲೆಯ ಹಿಂದೆಯೇ ಜಾಗವಿತ್ತು.

ಈ ವರ್ಷ ಮಳೆಗೆ ಮುಂಚೆ ಮೆಣಸಿನ ಬಳ್ಳಿ ಬೇಕೆಂದು ರಸ್ತೆ ಬದಿಯ ಒಂದು ಸಣ್ಣ ನರ್ಸರಿಗೆ ಹೋಗಿದ್ದೆ. ಮೇಲೆ ಹಸಿರು ನೆರಳುಬಲೆ ಕಟ್ಟಿತ್ತು. ಸಾಲುಸಾಲಾಗಿ ಕಾಫಿ ಸಸಿಗಳ ಚೀಲಗಳು. ಬಗ್ಗಿ ಕಳೆ ಕೀಳುತ್ತಿದ್ದ ಹೆಂಗಸು ತಲೆಯೆತ್ತಿ, "ನಮಸ್ಕಾರ ಸಾರ್, ಗುರುತು ಸಿಕ್ತಾ?" ಎಂದರು. ಕೂದಲು ನರೆತಿತ್ತು. ಕಣ್ಣಿನಿಂದ ಗುರುತು ಹಿಡಿದೆ. ಇಷ್ಟು ವರ್ಷ ಹತ್ತು ಮೈಲಿ ದೂರದಲ್ಲಿದ್ದರೂ ನಾನು ಹುಡುಕಿ ಹೋಗಿರಲಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಬೆಂಚಿನ ಮೇಲೆ ಕೂರಿಸಿ, ಬೆಲ್ಲದ ಕಾಫಿ ಕೊಟ್ಟರು. ಮಗನೊಡನೆ ಸೇರಿ ನರ್ಸರಿ ನಡೆಸುತ್ತಿದ್ದಾರಂತೆ. ನಾನು ತಡವರಿಸುತ್ತಲೇ ಹಳೆಯ ವಿಷಯ ಎತ್ತಿದೆ. ಜಪಾನ್, ಅಮೆರಿಕ, ಕೆಂಪು ವಿಷ ಎಂದು ನಾಲ್ಕು ಮಾತು ಹೇಳಿ, "ಅಂದು ನೀನು ಬರೆದದ್ದೇ ಸರಿಯಮ್ಮ, ನಾನು ತಪ್ಪು ಮಾಡಿದೆ" ಎಂದೆ.

ಅವರು ನಕ್ಕರು. "ಅದು ನಮಗೆ ಗೊತ್ತೇ ಇತ್ತಲ್ಲ ಸಾರ್. ನೀವು ಒಪ್ಪಲಿಲ್ಲ, ಅಷ್ಟೆ."

"ಆ ಮಾರ್ಕಿಗೆ ಬೇಜಾರಾಗಿ ಶಾಲೆ ಬಿಟ್ಟೆಯಾ?"

"ಅಯ್ಯೋ, ಇಲ್ಲ ಸಾರ್. ಅಮ್ಮ ಜಾರಿ ಬಿದ್ದು ಕಾಲು ಮುರ್ಕೊಂಡ್ರು. ಮನೇಲಿ ದುಡಿಯೋರು ಬೇಕಿತ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಸಸಿಯ ಎಲೆ ಮಗುಚಿ ನೋಡುತ್ತಾ ಹೇಳಿದರು: "ಆದ್ರೆ ಆಮೇಲೆ ಕ್ಲಾಸಲ್ಲಿ ಕೈ ಎತ್ತಲಿಲ್ಲ ಸಾರ್."

ಅದರಲ್ಲಿ ಆಪಾದನೆಯ ಧ್ವನಿ ಇರಲಿಲ್ಲ. ಮಳೆ ಬಂತು, ಹೋಯಿತು ಎಂಬಷ್ಟು ಸಹಜವಾಗಿ ಹೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಮಾತು ಬದಲಿಸಿ, "ಬರೀ ನೆರಳು ಮಾಡಿದ್ರೆ ಸಾಲದು ಸಾರ್, ಗೊಬ್ಬರ ಕಡಿಮೆ ಬಿದ್ದ ಸಸಿಗೂ ಈ ಚುಕ್ಕೆ ಬೇಗ ಹತ್ತುತ್ತೆ. ಹೊಟ್ಟೆಗೆ ಸರಿಯಾಗಿ ಹಾಕ್ಬೇಕು" ಎಂದರು. ಮನೆಗೆ ಬಂದು ಪುಸ್ತಕ ತೆರೆದು ನೋಡಿದೆ. ಸಾರಜನಕದ ಕೊರತೆಯಿರುವ ಗಿಡಗಳಿಗೆ ಈ ರೋಗ ಹೆಚ್ಚೆಂದು ಅಲ್ಲಿಯೂ ಇತ್ತು. ಈ ಬಾರಿ ನಾನು ಪುಸ್ತಕ ನೋಡಿದ್ದು ಅವರ ಮಾತನ್ನು ಪರೀಕ್ಷಿಸಲು ಅಲ್ಲ. ಪುಸ್ತಕಕ್ಕೆ ಅದು ಗೊತ್ತಿದೆಯೇ ಎಂದು ತಿಳಿಯಲು.

ಬಳ್ಳಿಗಳಿಗೆ ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಒತ್ತಾಯ ಮಾಡಿ ಮಗನ ಕೈಗಿಟ್ಟು ಬಂದೆ. ಅವರು ಕೊಟ್ಟ ಎರಡು ಕಾಫಿ ಸಸಿಗಳು ಈಗ ಹಲಸಿನ ಮರದ ಕೆಳಗೆ ಚಿಗುರಿವೆ.

ನನ್ನ ಹಳೆಯ ವಿದ್ಯಾರ್ಥಿಗಳೇ, ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಇಂದು ಅಧ್ಯಾಪಕರು, ಇನ್ನು ಹಲವರು ತಂದೆತಾಯಂದಿರು. ಮಗುವೊಂದು ಪುಸ್ತಕದಲ್ಲಿಲ್ಲದ ಮಾತು ಹೇಳಿದರೆ, ಕೆಂಪು ಪೆನ್ನು ಎತ್ತುವ ಮೊದಲು, ಅದು ತಂದ ಎಲೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಮತ್ತು ನಿಮ್ಮ ಯಾವುದಾದರೂ ಸರಿಯುತ್ತರವನ್ನು ನಾನು ಹೀಗೆ ಹೊಡೆದುಹಾಕಿದ್ದರೆ, ದಯವಿಟ್ಟು ಬರೆದು ತಿಳಿಸಿರಿ. ಅಂಕ ತಿದ್ದುವ ಅಧಿಕಾರ ಈಗ ನನಗಿಲ್ಲ. ಓದಿ, ಕಲಿತು, ತಪ್ಪೊಪ್ಪಿಕೊಳ್ಳುವಷ್ಟು ಕಾಲ ಮಾತ್ರ ಇನ್ನೂ ಇದೆ ಎಂದುಕೊಂಡಿದ್ದೇನೆ.